ಇಂಗ್ಲಿಷ್ ಬಿ.ಎ. ಓದಲು ಹೊರಟ ಮಗಳಿಗೆ ಒಂದು ಯೋಜನೆ

(ಮಹಿಳಾ ವಿಭಾಗದ ಶೈಕ್ಷಣಿಕ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಸಾಹಿತ್ಯದ ಪ್ರಾಧ್ಯಾಪಕಿಯಲ್ಲ. ಎಂ.ಟೆಕ್. ಮಾಡಿ ಐ.ಟಿ. ಕ್ಷೇತ್ರದಲ್ಲಿ ದುಡಿಯುವವಳು. ಶೇಕ್ಸ್‌ಪಿಯರ್‌ನನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ದೊಡ್ಡದೊಂದು ಕೆಲಸವನ್ನು ಸಣ್ಣ ಸಣ್ಣ ಭಾಗ ಮಾಡಿ, ಯಾವುದು ಮೊದಲು ಆಗಬೇಕು, ಯಾವುದು ಯಾವುದರ ಮೇಲೆ ನಿಂತಿದೆ, ಯಾವ ವಾರ ಯಾರ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಲೆಕ್ಕ ಹಾಕುವುದು ನನ್ನ ದಿನನಿತ್ಯದ ಉದ್ಯೋಗ. ಮೂರು ವರ್ಷದ ಪದವಿಯೂ ಅಂಥದ್ದೇ ಒಂದು ಕೆಲಸ. ಆ ಕಣ್ಣಿನಿಂದ ಇಂಗ್ಲಿಷ್ ಸಾಹಿತ್ಯದ ಬಿ.ಎ.ಯನ್ನು ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ.

ಈ ವಿಷಯವೇ ಏಕೆ? ನಮ್ಮ ಮನೆಗಳಲ್ಲಿ ಹುಡುಗಿ ಸೈನ್ಸ್ ಅಂದರೆ ಎಲ್ಲರಿಗೂ ದಾರಿ ಗೊತ್ತು. ಕಾಮರ್ಸ್ ಅಂದರೆ ಇನ್ನೂ ಚೆನ್ನಾಗಿ ಗೊತ್ತು. ಹೋಟೆಲು, ಬ್ಯಾಂಕು, ಲೆಕ್ಕಪತ್ರಗಳ ನಡುವೆ ಬೆಳೆದ ಸಮಾಜ ನಮ್ಮದು. ಡೊಂಬಿವಲಿ ಕರ್ನಾಟಕ ಸಂಘದವರು ನಡೆಸುವ ಮಂಜುನಾಥ ಕಾಲೇಜು ಕೂಡ ಕಾಮರ್ಸ್ ಕಾಲೇಜೇ. ಆದರೆ ಮಗಳು ಬಂದು "ನನಗೆ ಇಂಗ್ಲಿಷ್ ಲಿಟರೇಚರ್ ಓದಬೇಕು" ಎಂದರೆ ಮನೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ಆ ಒಂದೇ ಪ್ರಶ್ನೆ: "ಅದನ್ನು ಓದಿ ಏನು ಮಾಡುತ್ತೀ?"

ಈ ಪ್ರಶ್ನೆ ತಪ್ಪಲ್ಲ. ದುಡಿದು ಫೀಸು ಕಟ್ಟುವವರಿಗೆ ಅದನ್ನು ಕೇಳುವ ಹಕ್ಕಿದೆ. ಆದರೆ ಉತ್ತರ ಕೋರ್ಸಿನ ಹೆಸರಿನಲ್ಲಿಲ್ಲ. ಒಂದೇ ತರಗತಿಯಲ್ಲಿ ಕುಳಿತು, ಒಂದೇ ಪದವಿ ಪಡೆದ ಇಬ್ಬರು ಹುಡುಗಿಯರು ಮೂರು ವರ್ಷದ ನಂತರ ಬೇರೆ ಬೇರೆ ಜಾಗದಲ್ಲಿ ನಿಂತಿರುತ್ತಾರೆ. ವ್ಯತ್ಯಾಸ ಬರುವುದು ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳ ಹೊರಗೆ ಅವರು ಏನನ್ನು ಆರಿಸಿಕೊಂಡರು, ಓದನ್ನು ಹೇಗೆ ಹಂಚಿಕೊಂಡರು, ಮನೆಯಲ್ಲಿದ್ದ ಭಾಷೆಗಳನ್ನು ಏನು ಮಾಡಿದರು ಎಂಬುದರಿಂದ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಪದವಿಯ ಚೌಕಟ್ಟು ನೋಡೋಣ. ನಮ್ಮಲ್ಲಿ ಅನೇಕರಿಗೆ ಗೊತ್ತಿರುವುದು ಮುಂಬಯಿ ವಿಶ್ವವಿದ್ಯಾಲಯದ ಹಳೆಯ ಪದ್ಧತಿ. ಎಫ್.ವೈ.ಯಲ್ಲಿ ಸಾಹಿತ್ಯದ ಒಂದು ಪತ್ರಿಕೆ, ಎಸ್.ವೈ.ಯಲ್ಲಿ ಎರಡು, ಟಿ.ವೈ.ಗೆ ಬಂದಾಗ ಒಮ್ಮೆಲೇ ಆರು. ಇಂಗ್ಲಿಷನ್ನೇ ಪೂರ್ತಿ ತೆಗೆದುಕೊಂಡರೆ ಆ ಆರೂ ಪತ್ರಿಕೆ, ಇಲ್ಲವೇ ಇನ್ನೊಂದು ವಿಷಯದ ಜೊತೆ ಮೂರು-ಮೂರು. ಅಂದರೆ ಮೊದಲೆರಡು ವರ್ಷ ಹಗುರ, ಕೊನೆಯ ವರ್ಷ ಬೆಟ್ಟದಷ್ಟು ಭಾರ.

ಈಗ ಹೊಸ ಶಿಕ್ಷಣ ನೀತಿ ಬಂದಿದೆ. ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ 2024-25ರಿಂದ ಮೊದಲ ವರ್ಷಕ್ಕೆ ಸೇರಿದವರಿಗೆ ಅದು ಅನ್ವಯ. ಈ ಪದ್ಧತಿಯಲ್ಲಿ ಎಲ್ಲವೂ ಕ್ರೆಡಿಟ್ ಲೆಕ್ಕ. ಥಿಯರಿಯ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್‌ಗೆ 15 ಗಂಟೆಯ ಪಾಠ. ನಮ್ಮ ರಾಜ್ಯದ ಚೌಕಟ್ಟಿನಲ್ಲಿ ಸೆಮಿಸ್ಟರ್‌ಗೆ 22 ಕ್ರೆಡಿಟ್, ಮೂರು ವರ್ಷಕ್ಕೆ 132, ನಾಲ್ಕು ವರ್ಷದ ಆನರ್ಸ್ ಮಾಡಿದರೆ 176.

ಇಲ್ಲಿ ಒಂದು ಅಂಶ ಗಮನಿಸಿ. ಮೊದಲ ಸೆಮಿಸ್ಟರ್‌ನ 22ರಲ್ಲಿ ಮೇಜರ್, ಅಂದರೆ ಮುಖ್ಯ ವಿಷಯವಾದ ಇಂಗ್ಲಿಷ್ ಸಾಹಿತ್ಯಕ್ಕೆ ಸಿಗುವುದು 6 ಮಾತ್ರ. ಉಳಿದ 16 ಬೇರೆ ಬೇರೆ ಬುಟ್ಟಿಗಳಲ್ಲಿ ಹಂಚಿಹೋಗಿವೆ: ಬೇರೆ ವಿಭಾಗದಿಂದ ಆರಿಸುವ ಓಪನ್ ಇಲೆಕ್ಟಿವ್, ಕೌಶಲದ ಪತ್ರಿಕೆಗಳು, ಭಾಷೆ, ಮೌಲ್ಯಶಿಕ್ಷಣ, ಭಾರತೀಯ ಜ್ಞಾನ ಪರಂಪರೆ, ಸಹಪಠ್ಯ ಚಟುವಟಿಕೆ. ಎರಡನೇ ಸೆಮಿಸ್ಟರ್‌ನ ಹೊತ್ತಿಗೆ ಮೈನರ್, ಅಂದರೆ ಎರಡನೆಯ ವಿಷಯ ಸೇರಿಕೊಳ್ಳುತ್ತದೆ. ಮೂರನೇ ವರ್ಷದಲ್ಲಿ ಮೇಜರ್‌ನ ಪಾಲು ಅರ್ಧಕ್ಕಿಂತ ಹೆಚ್ಚಾಗುತ್ತದೆ. ಸ್ವಾಯತ್ತ ಕಾಲೇಜುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರಬಹುದು, ಒಟ್ಟು ನಕಾಶೆ ಇದೇ.

ಹಾಗಾಗಿ ಹುಡುಗಿ "ಇಂಗ್ಲಿಷ್ ಲಿಟರೇಚರ್ ತೆಗೆದುಕೊಂಡೆ" ಎಂದರೂ ಮೊದಲ ವರ್ಷ ಅವಳು ಓದುವುದರಲ್ಲಿ ಹೆಚ್ಚಿನ ಪಾಲು ಇಂಗ್ಲಿಷ್ ಸಾಹಿತ್ಯವಲ್ಲ. ಆ ಭಾಗವನ್ನು ಗೆಳತಿ ಏನು ತೆಗೆದುಕೊಂಡಳೋ ಅದೇ, ಯಾವುದರಲ್ಲಿ ಮಾರ್ಕ್ಸ್ ಸುಲಭವೋ ಅದೇ ಎಂದು ತುಂಬಿಸಿದರೆ ಪದವಿಯ ದೊಡ್ಡದೊಂದು ತುಂಡು ಕೈತಪ್ಪುತ್ತದೆ. ಯೋಜನೆ ಶುರುವಾಗಬೇಕಾದದ್ದು ಅಲ್ಲಿಂದ.

ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಮೂರು ಅಥವಾ ನಾಲ್ಕು ವರ್ಷದ ನಂತರ ಯಾವ ಬಾಗಿಲ ಮುಂದೆ ನಿಲ್ಲಬೇಕು? ಸ್ಥೂಲವಾಗಿ ನಾಲ್ಕು ಬಾಗಿಲುಗಳಿವೆ.

ಮೊದಲನೆಯದು ಶಾಲೆಯ ಶಿಕ್ಷಕಿ. ಇದಕ್ಕೆ ಪದವಿಯ ನಂತರ ಎರಡು ವರ್ಷದ ಬಿ.ಎಡ್. ಬೇಕು. ಬಿ.ಎಡ್.ನಲ್ಲಿ ಶಾಲೆಯಲ್ಲಿ ಕಲಿಸುವ ವಿಷಯಗಳ ಬೋಧನಾ ವಿಧಾನ ಕಲಿಯುವುದರಿಂದ ಮೈನರ್ ಆಗಿ ಇತಿಹಾಸ, ಭೂಗೋಳ, ಮರಾಠಿ ಅಥವಾ ಹಿಂದಿ ಇದ್ದರೆ ಕೈಯಲ್ಲಿ ಎರಡು ವಿಷಯ ಇರುತ್ತವೆ. ಇಂಗ್ಲಿಷಿನ ಜೊತೆ ಶಾಲೆಯಲ್ಲಿ ಇಲ್ಲದ ವಿಷಯವನ್ನು ಮೈನರ್ ಮಾಡಿಕೊಂಡರೆ ಈ ಬಾಗಿಲು ಅರ್ಧ ಮುಚ್ಚಿದಂತೆ.

ಎರಡನೆಯದು ಕಾಲೇಜು ಅಧ್ಯಾಪಕಿ ಅಥವಾ ಸಂಶೋಧಕಿ. ಮೂರು ವರ್ಷದ ಪದವಿಯ ನಂತರ ಎರಡು ವರ್ಷ ಎಂ.ಎ., ನಾಲ್ಕು ವರ್ಷದ ಆನರ್ಸ್ ಆದ ಮೇಲಾದರೆ ಒಂದು ವರ್ಷದ ಎಂ.ಎ. ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಎರಡು ಪತ್ರಿಕೆ: ಬೋಧನೆ-ಸಂಶೋಧನೆಯ ಸಾಮಾನ್ಯ ಪತ್ರಿಕೆಗೆ 100 ಅಂಕ, ವಿಷಯಕ್ಕೆ 200. ನಾಲ್ಕನೇ ವರ್ಷದಲ್ಲಿ ಸಂಶೋಧನೆಯ ಆನರ್ಸ್ ಬೇಕಿದ್ದರೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಬೇಕೆಂದು ಯು.ಜಿ.ಸಿ. ಹೇಳುತ್ತದೆ. ಆರೂ ಸೆಮಿಸ್ಟರ್ ಎಂದರೆ ಮೊದಲನೆಯದೂ ಸೇರಿತು. "ಎಫ್.ವೈ. ತಾನೆ, ಹೇಗೋ ಆಗುತ್ತದೆ" ಎಂದು ಬಿಟ್ಟ ಅಂಕಗಳು ನಾಲ್ಕನೇ ವರ್ಷದಲ್ಲಿ ಎದುರು ಬಂದು ನಿಲ್ಲುತ್ತವೆ.

ಮೂರನೆಯದು ಪತ್ರಿಕೆ, ಪ್ರಕಾಶನ, ಜಾಹೀರಾತು. ಇಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರದ ಮೈನರ್ ಬಹಳ ಕೆಲಸಕ್ಕೆ ಬರುತ್ತದೆ. ಬರೆಯುವುದು ಹೇಗೆಂದು ಇಂಗ್ಲಿಷ್ ಕಲಿಸುತ್ತದೆ, ಏನನ್ನು ಬರೆಯಬೇಕೆಂದು ಮೈನರ್ ಕಲಿಸುತ್ತದೆ.

ನಾಲ್ಕನೆಯದು ನನ್ನ ಕ್ಷೇತ್ರದ ಬಾಗಿಲು. ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಬರವಣಿಗೆಯ ಕೆಲಸವಿದೆ. ಒಂದು ಉಪಕರಣವನ್ನು ಬಳಸುವವರಿಗೆ ವಿವರಿಸುವ ಟೆಕ್ನಿಕಲ್ ರೈಟಿಂಗ್, ಆ್ಯಪ್‌ನ ಪರದೆ ಮೇಲೆ ಬರುವ ಮಾತುಗಳನ್ನು ಬರೆಯುವುದು, ಒಂದು ಭಾಷೆಯದನ್ನು ಇನ್ನೊಂದು ಭಾಷೆಗೆ ಒಗ್ಗಿಸುವ ಲೋಕಲೈಸೇಶನ್. ಇದಕ್ಕೆ ಕೋಡಿಂಗ್‌ನ ಪಾಂಡಿತ್ಯ ಬೇಡ. ಗೊಂದಲದ ವಿಷಯವನ್ನು ನಾಲ್ಕು ಸ್ಪಷ್ಟ ವಾಕ್ಯಗಳಲ್ಲಿ ಹೇಳುವ ಶಿಸ್ತು ಬೇಕು. ಕೌಶಲದ ಪತ್ರಿಕೆಗಳ ಬುಟ್ಟಿಯಲ್ಲಿ ಕಂಪ್ಯೂಟರ್, ದತ್ತಾಂಶ, ಸಂಪಾದನೆ, ಅನುವಾದ ಇಂಥವು ಇದ್ದರೆ ಅವನ್ನು ಆರಿಸಲಿ.

ಈ ನಾಲ್ಕರಲ್ಲಿ ಒಂದನ್ನು ಹದಿನೇಳನೇ ವಯಸ್ಸಿನಲ್ಲಿ ಗಟ್ಟಿಯಾಗಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಎರಡಾದರೂ ತೆರೆದಿರುವಂತೆ ಮೈನರ್ ಆರಿಸಿ. ಅಷ್ಟು ಸಾಕು.

ಇನ್ನು ಇಂಗ್ಲಿಷ್ ಪತ್ರಿಕೆಗಳ ಒಳಗೆ ಹೋಗೋಣ. ಯು.ಜಿ.ಸಿ. 2015ರಲ್ಲಿ ಇಂಗ್ಲಿಷ್ ಆನರ್ಸ್‌ಗೆ 14 ಮುಖ್ಯ ಪತ್ರಿಕೆಗಳ ಒಂದು ಮಾದರಿ ಕೊಟ್ಟಿತ್ತು. ಭಾರತೀಯ ಪ್ರಾಚೀನ ಸಾಹಿತ್ಯ, ಯುರೋಪಿನ ಪ್ರಾಚೀನ ಸಾಹಿತ್ಯ, ಭಾರತೀಯರ ಇಂಗ್ಲಿಷ್ ಬರಹ, ಶತಮಾನದಿಂದ ಶತಮಾನಕ್ಕೆ ಬ್ರಿಟಿಷ್ ಸಾಹಿತ್ಯ, ಅಮೆರಿಕನ್ ಸಾಹಿತ್ಯ, ಮಹಿಳಾ ಬರಹ, ವಸಾಹತೋತ್ತರ ಸಾಹಿತ್ಯ ಹೀಗೆ. ನಿಮ್ಮ ಕಾಲೇಜಿನ ಪಟ್ಟಿ ಬೇರೆಯಿರಬಹುದು, ಆದರೆ ಇಡೀ ಪ್ರದೇಶದ ನಕಾಶೆಯಾಗಿ ಇದು ಉಪಯುಕ್ತ.

ನಮ್ಮ ಉದ್ಯೋಗದಲ್ಲಿ ಡಿಪೆಂಡೆನ್ಸಿ ಎಂಬ ಮಾತಿದೆ. ತಳಪಾಯ ಒಣಗುವ ಮೊದಲು ಗೋಡೆ ಎಬ್ಬಿಸುವಂತಿಲ್ಲ. ಸಾಹಿತ್ಯದಲ್ಲೂ ಹಾಗೆಯೇ. ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಓದುವ ಮೊದಲು ಬೈಬಲಿನ ಆದಿಕಾಂಡದ ಮೊದಲ ಕೆಲವು ಅಧ್ಯಾಯಗಳ ಕತೆ ಗೊತ್ತಿರಬೇಕು. ಶೇಕ್ಸ್‌ಪಿಯರ್‌ನ ದುರಂತ ನಾಟಕಗಳ ಮೊದಲು ಒಂದು ಗ್ರೀಕ್ ದುರಂತವಾದರೂ ಓದಿರಬೇಕು. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' 1922ರ ಕವಿತೆ. ಅದರ ಕೊನೆಯ ಭಾಗ ಬೃಹದಾರಣ್ಯಕ ಉಪನಿಷತ್ತಿನ ಗುಡುಗಿನ ಪ್ರಸಂಗದ ಮೇಲೆ ನಿಂತಿದೆ. ಲಂಡನ್ನಿನ ಹುಡುಗಿಗೆ ಅಡಿಟಿಪ್ಪಣಿ ನೋಡಿ ತಿಳಿಯಬೇಕಾದ ಈ ಭಾಗ ನಮ್ಮ ಮನೆಯ ಅಜ್ಜನಿಗೆ ಬಾಯಿಪಾಠ ಇದ್ದರೂ ಇರಬಹುದು.

ಹಾಗಾಗಿ ಎಲ್ಲವನ್ನೂ ಕಾಲಾನುಕ್ರಮದಲ್ಲೇ ಓದಬೇಕೆಂದೇನಿಲ್ಲ. ಕಾಲೇಜಿನ ಸಿಲಬಸ್ ಅದರ ಕ್ರಮದಲ್ಲಿ ಹೋಗಲಿ. ಅದರ ಜೊತೆಗೆ ಮನೆಯಲ್ಲಿ ಹತ್ತಿರದಿಂದ ದೂರಕ್ಕೆ ಹೋಗುವ ಒಂದು ಓದು ನಡೆಯಲಿ ಎಂಬುದು ನನ್ನ ಸಲಹೆ. ಹನ್ನೆರಡನೆಯ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ತನಕ ಸಿಗುವ ಬಿಡುವಿನಲ್ಲಿ ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಓದಲಿ. 1935ರ ಪುಸ್ತಕ, ಬರೆದವರು ಮೈಸೂರಿನಲ್ಲಿ ಬಾಳಿದವರು. ಆಮೇಲೆ ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅವರ 'ಕಾಂತಾಪುರ', 1938. ಕನ್ನಡ ನಾಡಿನ ಹಳ್ಳಿಯೊಂದರ ಕತೆಯನ್ನು ಅಜ್ಜಿಯೊಬ್ಬಳು ಹೇಳುವ ಧಾಟಿಯಲ್ಲಿ ಬರೆದ ಇಂಗ್ಲಿಷ್ ಅದು. ಇಂಗ್ಲಿಷ್ ಭಾಷೆಯೊಳಗೆ ನಮ್ಮ ಮಾತಿನ ಲಯ ಹೇಗೆ ಬರಬಲ್ಲದು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಗ್ರೀಕ್ ನಾಟಕಕ್ಕೂ ಕನ್ನಡದ ಮೆಟ್ಟಿಲಿದೆ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಸೊಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ ಅವರು 'ಅಶ್ವತ್ಥಾಮನ್' ಬರೆದರು. ಎಸ್ಕಿಲಸ್‌ನ ನಾಟಕವೊಂದನ್ನು 'ಪಾರಸಿಕರು' ಎಂದು ಕನ್ನಡಿಸಿದರು. ಕುವೆಂಪು ಅವರ 'ರಕ್ತಾಕ್ಷಿ'ಯ ಹಿಂದೆ 'ಹ್ಯಾಮ್ಲೆಟ್' ಇದೆ, 'ಬಿರುಗಾಳಿ'ಯ ಹಿಂದೆ 'ದಿ ಟೆಂಪೆಸ್ಟ್' ಇದೆ. ಡಿ.ವಿ.ಜಿ. 'ಮ್ಯಾಕ್‌ಬೆತ್' ಅನುವಾದಿಸಿದ್ದಾರೆ. ಕನ್ನಡ ಓದಲು ಬರುವ ಹುಡುಗಿ ಇವನ್ನು ಮೂಲದ ಜೊತೆ ಇಟ್ಟು ಓದಿದರೆ ಪರೀಕ್ಷೆಯ ಗೈಡು ಕೊಡದ ಒಂದು ತಿಳುವಳಿಕೆ ಬರುತ್ತದೆ. ಕನ್ನಡ ಓದಲು ಬಾರದವಳಿಗೆ ಅಮ್ಮ ಗಟ್ಟಿಯಾಗಿ ಓದಿ ಹೇಳಲಿ. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಕಿವಿಯಲ್ಲಿದೆ, ಕಣ್ಣಿಗೆ ಬಂದಿಲ್ಲ, ಅಷ್ಟೇ.

ವಿಮರ್ಶಾ ಸಿದ್ಧಾಂತದ ಪತ್ರಿಕೆ ಎಲ್ಲರನ್ನೂ ಹೆದರಿಸುತ್ತದೆ. ಅರಿಸ್ಟಾಟಲ್‌ನಿಂದ ಶುರುವಾಗುವ ಆ ಸರಣಿಯನ್ನು ಟಿ.ವೈ.ಯ ಪರೀಕ್ಷೆಗೆ ಹದಿನೈದು ದಿನವಿರುವಾಗ ತೆರೆದರೆ ಹೆದರಿಕೆ ಸಹಜ. ಭಾರತೀಯ ಜ್ಞಾನ ಪರಂಪರೆಯ 2 ಕ್ರೆಡಿಟ್ ಇದೆಯಲ್ಲ, ಕಾಲೇಜಿನಲ್ಲಿ ಆಯ್ಕೆಗೆ ಅವಕಾಶವಿದ್ದರೆ ರಸ, ಧ್ವನಿ, ಕಾವ್ಯಮೀಮಾಂಸೆಗೆ ಹತ್ತಿರದ್ದನ್ನು ತೆಗೆದುಕೊಳ್ಳಲಿ. ಒಂದು ಪತ್ರಿಕೆಯ ಓದು ಇನ್ನೊಂದಕ್ಕೆ ತಳಪಾಯವಾಗುತ್ತದೆ.

ಈಗ ಹೊರೆಯ ಲೆಕ್ಕ. 22 ಕ್ರೆಡಿಟ್ ಎಂದರೆ 15 ವಾರಗಳ ಸೆಮಿಸ್ಟರ್‌ನಲ್ಲಿ ವಾರಕ್ಕೆ ಕನಿಷ್ಠ 22 ಗಂಟೆ ತರಗತಿ. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ಗೆ ಸುಮಾರು 48 ಕಿಲೋಮೀಟರ್. ದಕ್ಷಿಣ ಮುಂಬಯಿಯ ಹೆಸರುವಾಸಿ ಕಾಲೇಜು ಬೇಕೆಂದರೆ ಮನೆಯಿಂದ ಮನೆಗೆ ದಿನಕ್ಕೆ ಮೂರು ಗಂಟೆ ಪ್ರಯಾಣ. ವಾರಕ್ಕೆ ಆರು ದಿನವಾದರೆ 18 ಗಂಟೆ. ತರಗತಿಯ ಸಮಯಕ್ಕೆ ಹೆಚ್ಚುಕಡಿಮೆ ಸಮ! ಸಾಹಿತ್ಯದ ಪದವಿಯಲ್ಲಿ ನಿಜವಾದ ಕೆಲಸ ನಡೆಯುವುದು ತರಗತಿಯ ಹೊರಗೆ, ಪುಸ್ತಕದ ಮುಂದೆ. ಕಲ್ಯಾಣ್‌ನ ಬಿರ್ಲಾ ಕಾಲೇಜು, ಥಾಣೆಯ ಜೋಶಿ-ಬೇಡೇಕರ್, ಹೊಸ ಪನ್ವೇಲಿನ ಸಿ.ಕೆ. ಠಾಕೂರ್ ಇಂಥ ಕಾಲೇಜುಗಳು ಮನೆಗೆ ಹತ್ತಿರವಿರುವವರು ದೂರದ ಹೆಸರಿಗೂ ಹತ್ತಿರದ ಸಮಯಕ್ಕೂ ಬೆಲೆ ಕಟ್ಟಿ ನೋಡಬೇಕು. ದಿನಕ್ಕೆ ಉಳಿಯುವ ಎರಡು ಗಂಟೆ ಓದಿಗೇ ಹೋಗುತ್ತದೆ ಎಂಬ ಖಾತ್ರಿ ಇದ್ದರೆ ಹತ್ತಿರದ ಕಾಲೇಜು ಲಾಭ. ಹತ್ತಿರ ಎಂಬ ಕಾರಣಕ್ಕೆ ಹುಡುಗಿಯ ಮೇಲೆ ಮನೆಗೆಲಸ ಬೀಳುವುದಾದರೆ ರೈಲಿನ ಪ್ರಯಾಣವೇ ವಾಸಿ. ಈ ಮಾತನ್ನು ಹುಡುಗಿಯರಿಗಲ್ಲ, ಅಮ್ಮಂದಿರಿಗೆ ಹೇಳುತ್ತಿದ್ದೇನೆ.

ಕಾದಂಬರಿಯ ಭಾರವನ್ನು ಹೇಗೆ ಹಂಚುವುದು? ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ತೆಗೆದುಕೊಳ್ಳಿ. 59 ಅಧ್ಯಾಯ. ನೋಡಿದರೆ ಭಯ. ಆದರೆ ಅದು ಮೂಲತಃ ಪುಸ್ತಕವಾಗಿ ಬಂದದ್ದಲ್ಲ. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು, ನಮ್ಮ ವಾರಪತ್ರಿಕೆಗಳಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನು ನಮ್ಮ ಅಮ್ಮಂದಿರು ಕಾದು ಓದುತ್ತಿದ್ದ ಹಾಗೆ. 15 ವಾರಕ್ಕೆ ಹಂಚಿದರೆ ವಾರಕ್ಕೆ ನಾಲ್ಕು ಅಧ್ಯಾಯ. ಅಷ್ಟನ್ನು ಯಾರೂ ಓದಬಹುದು. ಕೊನೆಯ ವಾರದಲ್ಲಿ 59ನ್ನೂ ಯಾರೂ ಓದಲಾರರು, ಆಗ ಕೈ ಗೈಡಿನ ಕಡೆಗೆ ಹೋಗುತ್ತದೆ.

ಇದಕ್ಕೊಂದು ಸರಳ ಪಟ್ಟಿ ಮಾಡಿ. ಸೆಮಿಸ್ಟರ್‌ನ ಮೊದಲ ವಾರವೇ ಪ್ರತಿ ಪತ್ರಿಕೆಯ ಪಠ್ಯಗಳನ್ನು ಬರೆದು, ಎದುರಿಗೆ ಅಧ್ಯಾಯ ಅಥವಾ ಅಂಕಗಳ ಸಂಖ್ಯೆ ಹಾಕಿ, ವಾರಗಳಿಗೆ ಹಂಚಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಗಣೇಶ ಚತುರ್ಥಿ, ನವರಾತ್ರಿ, ದೀಪಾವಳಿಯ ವಾರಗಳನ್ನು ಮೊದಲೇ ಕಳೆದುಬಿಡಿ. ಆ ವಾರಗಳಲ್ಲಿ ನಮ್ಮ ಯಾರ ಮನೆಯಲ್ಲೂ ಓದು ನಡೆಯುವುದಿಲ್ಲ. ಒಂದೇ ಸೆಮಿಸ್ಟರ್‌ನಲ್ಲಿ ಎರಡು ದೊಡ್ಡ ಕಾದಂಬರಿಗಳ ಪತ್ರಿಕೆ ಬಂದರೆ ಒಂದನ್ನು ಹಿಂದಿನ ರಜೆಯಲ್ಲೇ ಓದಿ ಮುಗಿಸಲಿ. ಆಯ್ಕೆ ಇರುವಲ್ಲಿ ಕಾದಂಬರಿ ಪತ್ರಿಕೆಯ ಜೊತೆಗೆ ಕವಿತೆಯದನ್ನೋ ಭಾಷಾಶಾಸ್ತ್ರದ್ದನ್ನೋ ಸೇರಿಸಿಕೊಳ್ಳಲಿ.

ಪುಸ್ತಕಕ್ಕೆ ದುಡ್ಡು? ಹಳೆಯ ಪಠ್ಯಗಳು ಕಾಪಿರೈಟ್ ಮುಗಿದವು. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಓದಲು ಉಚಿತ, ಲಿಬ್ರಿವಾಕ್ಸ್‌ನಲ್ಲಿ ಕೇಳಲು ಉಚಿತ. ಬೆಳಗಿನ ಲೇಡೀಸ್ ಡಬ್ಬದಲ್ಲಿ ಪುಸ್ತಕ ಬಿಡಿಸಲು ಕೈ ಅಲ್ಲಾಡಿಸುವ ಜಾಗವಿಲ್ಲ. ಕಿವಿಗೆ ಮಾತ್ರ ಯಾರೂ ಅಡ್ಡ ಬರುವುದಿಲ್ಲ.

ಇನ್ನು ಕನ್ನಡದ ವಿಷಯ. ಸಂಘದ ವೇದಿಕೆ ಎಂಬ ಕಾರಣಕ್ಕೆ ಹೇಳುತ್ತಿರುವುದಲ್ಲ, ಲೆಕ್ಕದ ಮಾತಾಗಿಯೇ ಹೇಳುತ್ತೇನೆ. ಇಂಗ್ಲಿಷ್ ಬಿ.ಎ. ಆದವರು ಈ ನಗರದಲ್ಲಿ ಬೇಕಾದಷ್ಟಿದ್ದಾರೆ. ಇಂಗ್ಲಿಷ್ ಸಾಹಿತ್ಯದ ತರಬೇತಿ, ಮನೆಯ ಕನ್ನಡ, ಬೀದಿಯ ಮರಾಠಿ ಮೂರೂ ಇರುವವರು ಬಹಳ ಕಡಿಮೆ. ನಮ್ಮ ಮಕ್ಕಳಿಗೆ ಇದು ಶ್ರಮವಿಲ್ಲದೆ ಬಂದಿದೆ. ತುಳುವೋ ಕೊಂಕಣಿಯೋ ಮನೆಮಾತಾದರೆ ನಾಲ್ಕಾಯಿತು.

ಇದಕ್ಕೆ ಏನು ಬೆಲೆ ಎಂದು ಕೇಳಿದರೆ ಇತ್ತೀಚಿನ ಎರಡು ಉದಾಹರಣೆ ಕೊಡುತ್ತೇನೆ. ನಮ್ಮ ಮುಂಬಯಿಯಲ್ಲಿ ಬಹುಕಾಲ ಬಾಳಿದ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ತೇಜಸ್ವಿನಿ ನಿರಂಜನ 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂದು ಇಂಗ್ಲಿಷಿಗೆ ತಂದರು. ಅದಕ್ಕೆ 2018ರ ಸಾಲಿನ ಡಿ.ಎಸ್.ಸಿ. ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಗೆದ್ದಿತು. ಅನುವಾದಿಸಿದವರು ಕೊಡಗಿನ ದೀಪಾ ಭಾಸ್ತಿ. ಬಹುಮಾನದ 50,000 ಪೌಂಡ್‌ನಲ್ಲಿ ಲೇಖಕಿಗೂ ಅನುವಾದಕಿಗೂ ಸಮಪಾಲು. ಅನುವಾದಕಿಯ ಹೆಸರು ಲೇಖಕಿಯ ಪಕ್ಕದಲ್ಲೇ ನಿಂತಿತು. ಎಲ್ಲರಿಗೂ ಬೂಕರ್ ಬರುವುದಿಲ್ಲ, ಅನುವಾದದಿಂದಲೇ ಮನೆ ನಡೆಸುವುದು ಕಷ್ಟ ಎಂಬುದೂ ನಿಜ. ಆದರೆ ಎರಡು ಭಾಷೆಗಳ ನಡುವೆ ಸಲೀಸಾಗಿ ಓಡಾಡಬಲ್ಲವಳಿಗೆ ಶಿಕ್ಷಣ, ಪ್ರಕಾಶನ, ಲೋಕಲೈಸೇಶನ್ ಯಾವ ಬಾಗಿಲಲ್ಲೂ ಒಂದು ಹೆಜ್ಜೆ ಮುಂದಿನ ಜಾಗ ಸಿಗುತ್ತದೆ.

ಇದು ಹೊಸ ದಾರಿಯೂ ಅಲ್ಲ. ಅನಂತಮೂರ್ತಿ, ಶಾಂತಿನಾಥ ದೇಸಾಯಿ, ಗೋಪಾಲಕೃಷ್ಣ ಅಡಿಗ, ಲಂಕೇಶ್ ಎಲ್ಲರೂ ಇಂಗ್ಲಿಷ್ ಪಾಠ ಮಾಡುತ್ತಿದ್ದ ಅಧ್ಯಾಪಕರು. ಮೈಸೂರಿನಲ್ಲಿ ಇಂಗ್ಲಿಷ್ ಓದಿದ ಎ.ಕೆ. ರಾಮಾನುಜನ್ ವಚನಗಳನ್ನು 1973ರಲ್ಲಿ ಜಗತ್ತಿನ ಓದುಗರ ಮುಂದಿಟ್ಟರು, 1976ರಲ್ಲಿ 'ಸಂಸ್ಕಾರ'ವನ್ನು. ಇದಕ್ಕೆ ಇನ್ನೊಂದು ಮುಖವೂ ಇದೆ: ನಮ್ಮ ಮುಂಬಯಿಯ ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿದ್ದವರು, ಕಾಯ್ಕಿಣಿಯವರು ಜೀವರಸಾಯನ ಓದಿದವರು. ಸಾಹಿತ್ಯ ಬರೆಯಲು ಸಾಹಿತ್ಯದ ಪದವಿ ಬೇಕಿಲ್ಲ. ಪದವಿ ಕೊಡುವುದು ಬೇರೊಂದು ಸಾಮರ್ಥ್ಯ. ಒಂದು ಬರಹವನ್ನು ಪೂರ್ತಿ ಓದಿ, ಅದರಲ್ಲಿ ಏನಿದೆ, ಏನನ್ನು ಹೇಳದೆ ಬಿಟ್ಟಿದೆ ಎಂದು ಆಧಾರ ಸಹಿತ ತೋರಿಸುವುದು.

"ಈಗ ಎ.ಐ. ಬಂದಿದೆ, ಓದುವುದು ಬರೆಯುವುದು ಯಾರಿಗೆ ಬೇಕು?" ಎಂದು ನನ್ನನ್ನು ಬಹಳ ಮಂದಿ ಕೇಳುತ್ತಾರೆ. ಯಂತ್ರ ಒಂದು ನಿಮಿಷದಲ್ಲಿ ಕಾದಂಬರಿಯ ಸಾರಾಂಶ ಕೊಡುತ್ತದೆ, ನಿಜ. ಅದರಲ್ಲಿ ಇಲ್ಲದ ಪಾತ್ರವನ್ನು ಸೇರಿಸಿ ಕೊಟ್ಟಾಗ ಅದು ಗೊತ್ತಾಗುವುದು ಕಾದಂಬರಿ ಓದಿದವಳಿಗೆ ಮಾತ್ರ. ಯಂತ್ರ ಬರೆದದ್ದನ್ನು ಓದಿ ಸರಿ-ತಪ್ಪು ಹೇಳುವವರು ನನ್ನ ಕ್ಷೇತ್ರದಲ್ಲಿ ಬೇಕು. ಸಾರಾಂಶ ಓದಿ ಪಾಸಾದವಳಿಂದ ಆ ಕೆಲಸ ಆಗದು.

ಭಾಷೆಯ ಬುಟ್ಟಿಯನ್ನೂ ಯೋಚಿಸಿ ತುಂಬಿಸಬೇಕು. ಕಾಲೇಜಿನಲ್ಲಿ ಕನ್ನಡ ಸಿಗುವುದು ಕಷ್ಟ. ಆಗ ಮರಾಠಿ ತೆಗೆದುಕೊಳ್ಳಲಿ, ಈ ರಾಜ್ಯದಲ್ಲಿ ಬದುಕುವವಳಿಗೆ ಅದು ನಷ್ಟವಲ್ಲ. ಕನ್ನಡವನ್ನು ಮನೆ ಮತ್ತು ಸಂಘ ನೋಡಿಕೊಳ್ಳಬೇಕು. ಮುಂದೆ ಆಸೆ ಬಲಿತರೆ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೇ ಇದೆ, ಎಂ.ಎ.ಯೂ ಸಂಶೋಧನೆಯೂ ಅಲ್ಲಿ ನಡೆಯುತ್ತವೆ.

ಮೂರನೇ ವರ್ಷದಲ್ಲಿ ಕೆಲಸದ ಸ್ಥಳದ ತರಬೇತಿ ಇದೆ. 4 ಕ್ರೆಡಿಟ್ ಎಂದರೆ ಸುಮಾರು 120 ಗಂಟೆ. ಅದಕ್ಕೂ ಮೊದಲು ಕ್ಷೇತ್ರಕಾರ್ಯ, ಸಮುದಾಯ ಸೇವೆಯ ಕ್ರೆಡಿಟ್‌ಗಳಿವೆ. ಇದನ್ನು ಸಹಿ-ಸೀಲಿನ ಕೆಲಸ ಮಾಡಿಬಿಡಬೇಡಿ. ನಮ್ಮ ಊರುಗಳ ಕನ್ನಡ ಸಂಘಗಳ ಕಪಾಟುಗಳಲ್ಲಿ ಹಳೆಯ ಸ್ಮರಣ ಸಂಚಿಕೆಗಳಿವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಕಾಲೇಜು ಒಪ್ಪಿದರೆ ಒಬ್ಬ ವಿದ್ಯಾರ್ಥಿನಿ ಅಂಥ ಐದು ಹಿರಿಯರ ಮಾತನ್ನು ದಾಖಲಿಸಿ, ಬರೆದು, ಇಂಗ್ಲಿಷಿಗೆ ಅನುವಾದಿಸಬಹುದು. ಅವಳಿಗೆ ಕ್ರೆಡಿಟ್ ಸಿಗುತ್ತದೆ, ಉದ್ಯೋಗದ ಸಂದರ್ಶನದಲ್ಲಿ ತೋರಿಸಲು ಸ್ವಂತ ಕೆಲಸ ಸಿಗುತ್ತದೆ, ಸಮಾಜಕ್ಕೆ ಇನ್ನು ಹತ್ತು ವರ್ಷ ಬಿಟ್ಟರೆ ಸಿಗದ ಒಂದು ದಾಖಲೆ ಸಿಗುತ್ತದೆ. ಮಹಿಳಾ ವಿಭಾಗ ಇದನ್ನು ಯೋಚಿಸಬೇಕೆಂದು ನನ್ನ ವಿನಂತಿ.

ಪ್ರವೇಶದ ದಿನ ಕಾಲೇಜಿನಲ್ಲಿ ಕೇಳಲೇಬೇಕಾದ ಐದು ಪ್ರಶ್ನೆಗಳನ್ನು ಬರೆದುಕೊಳ್ಳಿ. ಒಂದು, ಇಂಗ್ಲಿಷ್ ಮೇಜರ್ ಆರನೇ ಸೆಮಿಸ್ಟರ್‌ವರೆಗೂ ಇಲ್ಲಿ ನಡೆಯುತ್ತದೆಯೇ, ಕಳೆದ ವರ್ಷ ಎಷ್ಟು ಮಂದಿ ಇದ್ದರು? ಎರಡು, ಕಾಗದದಲ್ಲಿರುವ ಮೈನರ್‌ಗಳಲ್ಲಿ ನಿಜವಾಗಿ ಪಾಠ ನಡೆಯುವುದು ಯಾವುವು? ಮೂರು, ಐಚ್ಛಿಕ ಪತ್ರಿಕೆಗಳಲ್ಲಿ ಅನುವಾದ, ಭಾಷಾಶಾಸ್ತ್ರ, ಮಹಿಳಾ ಬರಹ ಇವೆಯೇ? ನಾಲ್ಕು, ನಾಲ್ಕನೇ ವರ್ಷ ಇಲ್ಲೇ ಮಾಡಬಹುದೇ, ಸಂಶೋಧನೆಯ ಆನರ್ಸ್ ಇದೆಯೇ? ಐದು, ತರಬೇತಿಗೆ ಎಲ್ಲಿ ಕಳಿಸುತ್ತೀರಿ? ಆರ್ಟ್ಸ್ ವಿಭಾಗ ಇರುವ ಎಲ್ಲ ಕಾಲೇಜಿನಲ್ಲೂ ಇಂಗ್ಲಿಷ್ ಮೇಜರ್ ಇರುತ್ತದೆಂದು ಭಾವಿಸಬೇಡಿ. ಪ್ರವೇಶವಾದ ಮೇಲೆ ಗೊತ್ತಾದರೆ ಒಂದು ವರ್ಷ ಹೋಯಿತು.

ಕೊನೆಯದಾಗಿ, ಮಗಳ ನೆಪದಲ್ಲಿ ತನಗಾಗಿ ಕೇಳಲು ಬಂದಿರುವ ಅಕ್ಕಂದಿರಿಗೆ ಒಂದು ಮಾತು. ಹನ್ನೆರಡನೆಯದಾದ ಮೇಲೆ ಮದುವೆ, ಮಕ್ಕಳು ಎಂದು ನಿಂತುಹೋದ ಓದು ಇಲ್ಲಿ ಹಲವರದ್ದಿದೆ. ಇಗ್ನೋದಲ್ಲಿ ವಯಸ್ಸಿನ ಮಿತಿಯಿಲ್ಲ. ಮುಂಬಯಿ ವಿಶ್ವವಿದ್ಯಾಲಯಕ್ಕೂ ದೂರಶಿಕ್ಷಣದ ಕೇಂದ್ರವಿದೆ. ಧೋಂಡೋ ಕೇಶವ ಕರ್ವೆಯವರು 1916ರಲ್ಲಿ ಮಹಿಳೆಯರಿಗಾಗಿಯೇ ಕಟ್ಟಿದ ಎಸ್.ಎನ್.ಡಿ.ಟಿ. ವಿಶ್ವವಿದ್ಯಾಲಯ ನಮ್ಮದೇ ನಗರದಲ್ಲಿದೆ. ಇಗ್ನೋ ಒಂದು ಕ್ರೆಡಿಟ್‌ಗೆ 30 ಗಂಟೆಯ ಓದು ಎಂದು ಲೆಕ್ಕ ಹಾಕುತ್ತದೆ. 4 ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ. ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ತಿಂಗಳಿಗೆ ಒಂದು ಪತ್ರಿಕೆ. ಹೊಸ ಪದ್ಧತಿಯಲ್ಲಿ ಗಳಿಸಿದ ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್‌ನಲ್ಲಿ ಏಳು ವರ್ಷದವರೆಗೆ ಉಳಿಯುತ್ತವೆ. ಬ್ಯಾಂಕಿನಲ್ಲಿ ಆರ್.ಡಿ. ಕಟ್ಟಿ ಅಭ್ಯಾಸವಿರುವ ನಮಗೆ ಈ ಲೆಕ್ಕ ಕಷ್ಟವಲ್ಲ. ಆ ಒಂದು ಗಂಟೆ ಯಾವುದು, ಆ ಹೊತ್ತಿಗೆ ಅಡುಗೆಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಮನೆಯವರೆಲ್ಲ ಸೇರಿ ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ಮೊದಲ ತಿಂಗಳೇ ಯೋಜನೆ ಮುರಿಯುತ್ತದೆ.

"ಅದನ್ನು ಓದಿ ಏನು ಮಾಡುತ್ತೀ?" ಎಂಬ ಪ್ರಶ್ನೆಯನ್ನು ಮನೆಯಲ್ಲಿ ಇನ್ನೂ ಕೇಳಿ. ಆದರೆ ಕೇಳಿ ಎದ್ದು ಹೋಗಬೇಡಿ. ಒಂದು ಹಾಳೆ, ಒಂದು ಪೆನ್ನು ತಂದು ಮಗಳ ಪಕ್ಕ ಕುಳಿತುಕೊಳ್ಳಿ. ಮೇಜರ್, ಮೈನರ್, ಭಾಷೆ, ಕೌಶಲ, ತರಬೇತಿ ಎಂದು ಐದು ಗೆರೆ ಎಳೆದು, ಆರು ಸೆಮಿಸ್ಟರ್‌ನ ಮನೆಗಳನ್ನು ಇಬ್ಬರೂ ಸೇರಿ ತುಂಬಿಸಿ. ನಡುವೆ ಬದಲಾದರೂ ಚಿಂತೆಯಿಲ್ಲ, ನಮ್ಮ ಕ್ಷೇತ್ರದಲ್ಲೂ ಯೋಜನೆಗಳು ಬದಲಾಗುತ್ತಲೇ ಇರುತ್ತವೆ. ಮೊದಲ ಹಾಳೆ ಇದ್ದವರಿಗೆ ಬದಲಾಯಿಸುವುದು ಸುಲಭ.

 ಪ್ರಶ್ನೆಗಳಿದ್ದರೆ ಚಹಾದ ಹೊತ್ತಿನಲ್ಲಿ ಮಾತಾಡೋಣ.